ರಂಗೂನಜ್ಜಿಯ ಸೂಜಿ

ರಂಗೂನಜ್ಜಿ ಯಾರಿಗೇ ಸೂಜಿ ಚುಚ್ಚಲಿ, ಮೊದಲು ಒಂದನ್ನು ತನ್ನ ಎಡಗೈಗೆ ಚುಚ್ಚಿಕೊಳ್ಳುತ್ತಿದ್ದಳು. ಹೆಬ್ಬೆರಳು ತೋರುಬೆರಳುಗಳ ನಡುವೆ ಆ ಕೂದಲೆಳೆಯಂಥ ಸೂಜಿ ನೆಟ್ಟಗೆ ನಿಂತಿರುವಾಗಲೇ ಇನ್ನೊಂದು ಕೈಯಿಂದ ಎಲೆಯಡಿಕೆ ಬಾಯಿಗೆ ಹಾಕಿಕೊಂಡು, "ನೋಡ್ದಾ? ಸತ್ನಾ ನಾನು?" ಎಂದು ಕೇಳುವಳು. ಹೆದರಿ ಕೂತವರೂ ನಕ್ಕುಬಿಡುತ್ತಿದ್ದರು.

ಹೆಸರು ನಂಜಮ್ಮ, ಹುಟ್ಟಿದ್ದು ಶಾಗ್ಯದಲ್ಲಿ. ಗಂಡನ ಜೊತೆ ರಂಗೂನಿಗೆ ಹೋಗಿ ಅಕ್ಕಿ ಗಿರಣಿಯ ಸಾಲುಮನೆಯಲ್ಲಿ ಸಂಸಾರ ಮಾಡಿದವಳು. ಪಕ್ಕದ ಮನೆಯ ಚೀನಾದ ಮುದುಕಿಯೊಬ್ಬಳು ನೋವಿಗೆ ಸೂಜಿ ಹಾಕುತ್ತಿದ್ದಳಂತೆ. ಅವಳಿಗೆ ಸೂಜಿ ಕುದಿಸಿಕೊಡುತ್ತಾ ಇವಳೂ ಕಲಿತಳು. ಯುದ್ಧ ಬಂದು ಬಾಂಬು ಬಿದ್ದಾಗ ಜನರೊಂದಿಗೆ ಕಾಡುಮೇಡು ನಡೆದು ಊರಿಗೆ ಹೊರಟಳು; ಗಂಡ ದಾರಿಯಲ್ಲೇ ತೀರಿಕೊಂಡ. ಶಾಗ್ಯದ ತಮ್ಮನ ಮನೆ ಸೇರುವಾಗ ಅವಳ ಮಡಿಲಲ್ಲಿ ಉಳಿದಿದ್ದುದು ಸೂಜಿಗಳ ತಗಡಿನ ಡಬ್ಬಿ ಒಂದೇ.

ನಮ್ಮತ್ತೆ ಮಾದಮ್ಮನವರ ತವರೂ ಶಾಗ್ಯವೇ. ಅವರ ಮಂಡಿನೋವಿಗೆಂದು ಅಜ್ಜಿ ಧನಗೆರೆಯ ನಮ್ಮ ಮನೆಗೆ ಬರತೊಡಗಿದಳು. ಮೊದಲ ಸಲ ಅತ್ತೆಗೆ ನಂಬಿಕೆಯೇ ಬರಲಿಲ್ಲ.

"ಏನೂ ನೋಯ್ನೇ ಇಲ್ವಲ್ಲಕ್ಕ, ಇದೆಂತಾ ಮದ್ದು?"

"ನೋಯಿಸುದ್ರೇನೇ ಮದ್ದಾ ಮಾದಿ? ಒಂದ್ ನೋವು ಇಸ್ಕಂಡು ಇನ್ನೊಂದು ನೋವು ಕೊಡಕ್ಕೆ ನಾನೇನ್ ಸಂತೇಲಿ ಕುಂತಿವ್ನಾ?" ಎಂದಳು ಅಜ್ಜಿ. "ಮೈಯೊಳ್ಗೆ ಉಸ್ರು ಓಡಾಡೋ ಜಾಡಿರ್ತವಂತೆ. ಎಲ್ಲಿ ಕಟ್ಕತದೋ ಅಲ್ಲಿ ನೋವು. ಸೂಜಿ ಬಾಗ್ಲು ತಟ್ತದೆ, ಅಷ್ಟೇಯ. ಆ ಚೀನಾದವ್ವ ಅಂಗಂತಿದ್ಲು. ಜಾಡ ನಾನು ಕಂಡಿಲ್ಲ, ನೋವು ಇಳಿಯದ ಕಂಡಿವ್ನಿ."

ಹಾಗೆಂದು ಕರೆದಲ್ಲೆಲ್ಲ ಡಬ್ಬಿ ತೆರೆಯುವವಳಲ್ಲ. ಜ್ವರ, ಹೊಟ್ಟೆಶೂಲೆ, ಬಸುರಿ ಎಂದರೆ, "ಇದು ದೊಡ್ಡಾಸ್ಪತ್ರೆ ಕೆಲ್ಸ, ಗಾಡಿ ಕಟ್ರಪ್ಪ" ಎಂದು ಕೊಳ್ಳೇಗಾಲದ ದಿಕ್ಕಿಗೆ ಕೈ ತೋರುತ್ತಿದ್ದಳು.

ನನ್ನದು ತಲೆನೋವು. ಬಂದರೆ ಒಂದು ಕಣ್ಣು ತೆರೆಯಲಾಗದು, ಬೆಳಕು ಕಂಡರೆ ವಾಂತಿ. ನಮ್ಮದೋ ರೇಷ್ಮೆ ಹುಳು ಸಾಕುವ ಮನೆ. ಹಿಪ್ಪುನೇರಳೆ ಸೊಪ್ಪು ಕೊಯ್ದು, ಹೆಚ್ಚಿ, ಹೊತ್ತುಹೊತ್ತಿಗೆ ತಟ್ಟೆಗೆ ಹಾಕುತ್ತಲೇ ಇರಬೇಕು. ಸೊಸೆ ಹಗಲು ಮಲಗಿದಳೆಂದರೆ ಊರಿಗೆಲ್ಲ ಸುದ್ದಿ. ಆಸ್ಪತ್ರೆಯ ಮಾತ್ರೆಯೂ ನಾಟದಿದ್ದಾಗ ಅತ್ತೆ ನನ್ನ ಹಣೆಗೆ ಬರೆ ಹಾಕಿಸುವುದೆಂದು ತೀರ್ಮಾನಿಸಿದರು. ಕಬ್ಬಿಣ ಕಾಯಿಸಿ ಬರೆ ಎಳೆಯುವವನಿಗೆ ರಾಮಾಪುರಕ್ಕೆ ಹೇಳಿಕಳಿಸಿಯೂ ಆಯಿತು. ನಾನು ಕನ್ನಡಿ ನೋಡಿಕೊಂಡು ಅಳುತ್ತಿದ್ದೆ.

ಅಷ್ಟರಲ್ಲಿ ಅಜ್ಜಿ ಬಂದಳು. ನನ್ನ ಮಣಿಕಟ್ಟು ಹಿಡಿದು ಕಣ್ಣು ಮುಚ್ಚಿ ಬಹಳ ಹೊತ್ತು ಕೂತಿದ್ದು, "ಈ ಸಲದ ಉಳ ಗೂಡು ಕಟ್ಟೋಗಂಟ ತಡಿ ಮಾದಿ. ಆಮೇಕೆ ಬೇಕಾದ್ರೆ ಬರೆ ಆಕ್ಸು" ಎಂದಳು. ಒಳಮನೆಯಲ್ಲಿ ಮಲಗಿಸಿ ಕೈಗೆ, ಪಾದಕ್ಕೆ, ಹುಬ್ಬುಗಳ ನಡುವೆ ಸೂಜಿ ಹಾಕಿದಳು. ಇರುವೆ ಕಚ್ಚಿದ ಹಾಗಾಯಿತು, ಆಮೇಲೆ ಮೈ ಭಾರವಾಯಿತು.

"ಸೂಜಿ ತೆಗ್ಯೋಗಂಟ ಇವ್ಳು ಏಳಂಗಿಲ್ಲ, ಯಾರೂ ಕರೆಯಂಗಿಲ್ಲ."

"ಸೊಪ್ಪು ಆಕೋರ್ಯಾರಕ್ಕ?" ಎಂದರು ಅತ್ತೆ.

"ಉಳ ಜ್ವರುಕ್ಕೆ ಕುಂತಾಗ ತಟ್ಟೆ ಮುಟ್ಟೀಯಾ ನೀನು?"

ಪೊರೆ ಬಿಡುವ ಮುಂಚೆ ಹುಳು ಸೊಪ್ಪು ತಿನ್ನದೆ, ತಲೆಯೆತ್ತಿ ಅಲ್ಲಾಡದೆ ಕೂರುತ್ತದೆ. ಅದಕ್ಕೆ ಜ್ವರ ಎನ್ನುತ್ತೇವೆ. ಆಗ ನಮ್ಮ ಮನೆಯಲ್ಲಿ ಯಾರೂ ತಟ್ಟೆಯ ತಂಟೆಗೆ ಹೋಗುತ್ತಿರಲಿಲ್ಲ.

"ಮುಟ್ಟುದ್ರೆ ಕೆಟ್ಟೋಯ್ತವೆ" ಎಂದರು ಅತ್ತೆ.

"ಉಳಕ್ಕೆ ಅಷ್ಟು ಮರ್ವಾದೆ ಕೊಡ್ತೀಯಲ್ಲ. ಇವ್ಳುದೂ ಒಂದು ಜೀವ ಕಣೆ."

ಅತ್ತೆ ತಾವೇ ಸೊಪ್ಪು ಹೆಚ್ಚಲು ಹೋದರು. ಆ ಮನೆಗೆ ಬಂದ ಮೇಲೆ ಹಗಲಿನಲ್ಲಿ ನಾನು ನಿದ್ದೆ ಮಾಡಿದ್ದು ಅದೇ ಮೊದಲು. ತಲೆನೋವು ಪೂರಾ ಬಿಡಲಿಲ್ಲ, ಆದರೆ ಬರುವುದು ಅಪರೂಪವಾಯಿತು. ಬರೆಯವನು ಬಂದಾಗ ಅತ್ತೆ ಮಜ್ಜಿಗೆ ಕೊಟ್ಟು ಹಿಂದಕ್ಕೆ ಕಳಿಸಿದರು. ಅಜ್ಜಿಗೆ ನಾನು ಎಷ್ಟು ಋಣಿ ಎಂದು ನನ್ನ ನುಣುಪು ಹಣೆ ಮುಟ್ಟಿಕೊಂಡಾಗಲೆಲ್ಲ ಅನ್ನಿಸುತ್ತದೆ.

ಕೊನೆಯ ಸಲ ಬಂದಾಗ ಅಜ್ಜಿ ಗೋಡೆ ಹಿಡಿದು ನಡೆಯುತ್ತಿದ್ದಳು. ನನಗೆ ಅಂದೂ ತಲೆನೋವು. ನನ್ನನ್ನು ಮಲಗಿಸಿ, ಬಾಗಿಲು ಮುಂದೆ ಮಾಡಿ, "ಸೂಜಿ ಆಕಿವ್ನಿ, ಯಾರೂ ಕರೀಬ್ಯಾಡ್ರಿ" ಎಂದು ಹೊರಗೆ ಕೇಳುವಂತೆ ಕೂಗಿದಳು. ಡಬ್ಬಿ ಮಾತ್ರ ಮಡಿಲಲ್ಲೇ ಇತ್ತು.

"ಸೂಜಿ ಎಲ್ಲಜ್ಜಿ?"

"ಕಣ್ಣು ಕಾಣಲ್ಲ ಕಣವ್ವ, ಎಲ್ಲೋ ಚುಚ್ಬುಟ್ಟೇನು. ಸುಮ್ಕೆ ಮನಿಕೊ."

ಎದ್ದಾಗ ನೋವು ಅರ್ಧ ಇಳಿದಿತ್ತು. ಹಾಗಾದರೆ ಸೂಜಿ ಸುಳ್ಳೇ? ಹಾಗೆನ್ನಲಾರೆ; ಸೂಜಿ ಹಾಕಿದ ದಿನ ಪೂರಾ ಇಳಿಯುತ್ತಿತ್ತು. ಉಳಿದರ್ಧ ಯಾವುದರಿಂದ ಹೋಗುತ್ತಿತ್ತೋ, ಇವತ್ತಿಗೂ ನನಗೆ ಗೊತ್ತಿಲ್ಲ.

ಆ ಮಳೆಗಾಲದಲ್ಲಿ ಅಜ್ಜಿ ತೀರಿಕೊಂಡಳು. ಮಣ್ಣಿಗೆ ಹೋಗಿಬಂದ ಅತ್ತೆ, "ಡಬ್ಬೀನೂ ಅಕ್ಕನ ಜೊತೇಲೇ ಇಟ್ರು" ಎಂದು ಕಣ್ಣೊರೆಸಿಕೊಂಡರು.

ಮುಂದಿನ ರೇಷ್ಮೆ ಬೆಳೆಯಲ್ಲಿ ನನಗೆ ಮತ್ತೆ ತಲೆನೋವು ಬಂತು. ಸೊಪ್ಪಿನ ಬುಟ್ಟಿ ಕೆಳಗಿಟ್ಟು ಒಳಮನೆಗೆ ಹೋಗಿ ಮಲಗಿದೆ. ಸ್ವಲ್ಪ ಹೊತ್ತಿಗೆ ಮಗ "ಅವ್ವಾ" ಎಂದು ಓಡಿಬಂದ. ಬಾಗಿಲ ಹೊರಗೆ ಅತ್ತೆ ಅವನನ್ನು ಹಿಡಿದು ನಿಲ್ಲಿಸಿದ್ದು ಕೇಳಿಸಿತು.

"ನಿಮ್ಮವ್ವುಂಗೆ ಸೂಜಿ ಆಕವ್ರೆ ಕಣ್ಲಾ. ಕರೀಬ್ಯಾಡ, ಓಗು."