ಶುಭಾಳ ಮೂರು ಮಾತು

ಕೋವಿಡ್ ನಿರ್ಬಂಧಗಳೆಲ್ಲ ಸಡಿಲವಾಗಿ, ಕುವೈತಿನಿಂದ ಊರಿಗೆ ಹೋಗುವ ವಿಮಾನಗಳು ಮತ್ತೆ ತುಂಬಿ ಹಾರತೊಡಗಿದ ವರ್ಷ ಅದು. ನಾನು ಆಗ ಮಹಬೂಲಾದಲ್ಲಿ ಒಂದು ಖಾಸಗಿ ಕಂಪನಿಯ ಕಾರ್ಮಿಕ ವಸತಿಗಳ ಅಡ್ಮಿನ್ ಅಧಿಕಾರಿ. ಅದಕ್ಕೂ ಮೊದಲು ಸೇನೆಯಲ್ಲಿ ಗುಮಾಸ್ತನಾಗಿ ಸೇರಿ ಸುಬೇದಾರನಾಗಿ ನಿವೃತ್ತನಾದವನು. ಬಂದೂಕು ಹಿಡಿದದ್ದಕ್ಕಿಂತ ಫೈಲು ಹಿಡಿದದ್ದೇ ಹೆಚ್ಚು. "ನೀವು ಸೈನಿಕರಲ್ಲ ಕಣ್ರೀ, ಸೈನಿಕರ ಶಾನುಭೋಗರು" ಎಂದು ನನ್ನ ಹೆಂಡತಿ ಈಗಲೂ ಕಿಚಾಯಿಸುತ್ತಾಳೆ. ಮಂಡ್ಯದ ಕಡೆಯವಳು, ಮುಚ್ಚಿಟ್ಟು ಮಾತಾಡಿ ಅಭ್ಯಾಸವಿಲ್ಲ.

ಈ ಶಾನುಭೋಗಿಕೆ ಕುವೈತಿಗೂ ನನ್ನ ಬೆನ್ನು ಹತ್ತಿ ಬಂದಿತ್ತು. ಇಲ್ಲಿ ಸೆಕ್ಯುರಿಟಿ ಕೆಲಸದಲ್ಲಿರುವ ಮಾಜಿ ಸೈನಿಕರು ಬಹಳ. ಶುಕ್ರವಾರ ಮಧ್ಯಾಹ್ನ ಸಾಲ್ಮಿಯಾದ ನಮ್ಮ ಮನೆಯ ಹಾಲಿನಲ್ಲಿ ಅವರು ಬಂದು ಕೂರುತ್ತಿದ್ದರು. ತಾವು ಬದುಕಿದ್ದೇವೆ ಎಂದು ಪಿಂಚಣಿ ಕಚೇರಿಗೆ ವರ್ಷಕ್ಕೊಮ್ಮೆ ತಿಳಿಸುವುದು, ಹೆಂಡತಿಯ ಹೆಸರು ಸೇರಿಸುವುದು, ಆಸ್ಪತ್ರೆಯ ಕಾರ್ಡು ಮಾಡಿಸುವುದು, ಇಂಥವೇ ಕೆಲಸಗಳು. ನಾನು ಗದರುತ್ತಲೇ ಎಲ್ಲ ಮಾಡಿಕೊಡುತ್ತಿದ್ದೆ. ಗದರಿಸಿಕೊಂಡವರು ಮುಂದಿನ ವಾರ ಇನ್ನೊಬ್ಬನನ್ನು ಕರೆದುಕೊಂಡು ಬರುತ್ತಿದ್ದರು.

ಹವಾಲ್ದಾರ್ ಸಂಜೀವ ಹಾಗೆ ಬಂದವನಲ್ಲ. ಪುತ್ತೂರಿನ ಕಡೆಯವನು, ಮನೆಮಾತು ತುಳು. ಫಹಾಹೀಲ್‌ನ ಒಂದು ದೊಡ್ಡ ಗೋದಾಮಿನಲ್ಲಿ ಸೆಕ್ಯುರಿಟಿ ಸೂಪರ್‌ವೈಸರ್ ಆಗಿದ್ದ. ಕನ್ನಡಿಗರ ಕಾರ್ಯಕ್ರಮಗಳಲ್ಲಿ ಹೆಂಡತಿ ಲೀಲಾ ಮತ್ತು ಮಗಳು ಶುಭಾಳೊಂದಿಗೆ ಹಿಂದಿನ ಸಾಲಿನಲ್ಲಿ ಕೂತು, ಊಟ ಮುಗಿದ ಕೂಡಲೇ ಹೊರಟುಬಿಡುತ್ತಿದ್ದ. ಆ ಶುಕ್ರವಾರ ಎಲ್ಲರೂ ಎದ್ದು ಹೋಗುವವರೆಗೆ ಕಾದು, ಆಮೇಲೆ ಕುರ್ಚಿ ಹತ್ತಿರ ಎಳೆದುಕೊಂಡ.

"ಸಾಬ್, ಡಾಕ್ಟರು ನನ್ನ ಹಾರ್ಟು ವೀಕ್ ಉಂಟು ಹೇಳಿದ್ರು. ಹೆಚ್ಚು ಸಮಯ ಇಲ್ಲದಿರಬಹುದು."

ನಾನು ಏನೋ ಸಮಾಧಾನ ಹೇಳಲು ಹೋದೆ. ಅವನು ಕೈ ಅಡ್ಡ ತಂದ.

"ಅದಲ್ಲ ಸಾಬ್. ನಾನು ಹೋದರೆ ಲೀಲಾಳಿಗೆ ಫ್ಯಾಮಿಲಿ ಪಿಂಚಣಿ ಬರ್ತದೆ, ಗೊತ್ತುಂಟು. ಅವಳೂ ಹೋದ ಮೇಲೆ ನಮ್ಮ ಶುಭಾಳನ್ನು ಯಾರು ನೋಡುದು?"

ಇಪ್ಪತ್ತು ದಾಟಿದ ಹುಡುಗಿ, ಮದುವೆ ಮಾಡಿದರಾಯಿತಲ್ಲ ಎಂದು ನನ್ನ ಬಾಯಿಗೆ ಬಂದಿತ್ತು. ಅವನು ತಲೆ ತಗ್ಗಿಸಿದ್ದು ನೋಡಿ ನುಂಗಿಕೊಂಡೆ. ಶುಭಾಳ ಬುದ್ಧಿ ಬೆಳೆದಿಲ್ಲ ಎಂದು ಅವನು ಹೇಳಿದಾಗ ನನಗೆ ನಂಬಲಾಗಲಿಲ್ಲ. ನೀಟಾಗಿ ಚೂಡಿದಾರ ಹಾಕಿ, ಕೈಮುಗಿದು "ನಮಸ್ಕಾರ" ಎನ್ನುತ್ತಿದ್ದ ಆ ಹುಡುಗಿಯನ್ನು ನಾನೇ ಮೂರು ನಾಲ್ಕು ಸಲ ಮಾತಾಡಿಸಿದ್ದೆ.

ಇಂಥ ಮಕ್ಕಳಿಗೆ ಸೇನೆಯ ನಿಯಮದಲ್ಲಿ ಒಳ್ಳೆಯ ಆಸರೆ ಇದೆ. ದುಡಿದು ಬದುಕಲಾರದ ಮಗುವಿಗೆ ತಂದೆ ತಾಯಿಯ ನಂತರವೂ, ಬದುಕಿರುವವರೆಗೆ, ಫ್ಯಾಮಿಲಿ ಪಿಂಚಣಿ ಸಿಗುತ್ತದೆ. ತಂದೆ ಇರುವಾಗಲೇ ಮಗುವಿನ ಹೆಸರನ್ನು ಪಿಪಿಒದಲ್ಲಿ, ಅಂದರೆ ಪಿಂಚಣಿ ಮಂಜೂರಾತಿಯ ಆದೇಶದಲ್ಲಿ, ಸೇರಿಸಿಬಿಟ್ಟರೆ ಮುಂದೆ ಯಾರೂ ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗಿಲ್ಲ. ಅದಕ್ಕೆ ಬೇಕಾದದ್ದು ಊರಿನಲ್ಲಿ ಸರ್ಕಾರಿ ಮೆಡಿಕಲ್ ಬೋರ್ಡಿನ ಪ್ರಮಾಣಪತ್ರ. ವೈದ್ಯರ ಆ ಮಂಡಳಿ ಹುಡುಗಿಯನ್ನು ಪರೀಕ್ಷಿಸಿ, ಇವಳು ದುಡಿದು ಬದುಕಲಾರಳು ಎಂದು ಬರೆಯಬೇಕು.

"ಸರ್ವಿಸ್‌ನಲ್ಲಿದ್ದಾಗಲೇ ಯಾಕಯ್ಯಾ ಮಾಡಿಸ್ಲಿಲ್ಲ?" ಎಂದು ಗದರಿದೆ.

"ಲೀಲಾ ಬಿಡ್ಲಿಲ್ಲ ಸಾಬ್. ಕ್ವಾರ್ಟರ್ಸ್‌ನಲ್ಲಿ ಎಲ್ಲರಿಗೂ ಗೊತ್ತಾಗ್ತದೆ ಅಂತ."

ಮರುವಾರ ನಾನೇ ಫಹಾಹೀಲ್‌ನ ಅವರ ಮನೆಗೆ ಹೋದೆ. ಒಂದು ಬೆಡ್‌ರೂಮಿನ ಫ್ಲ್ಯಾಟು. ಶುಭಾ ಬಾಗಿಲಿಗೆ ಬಂದು ಕೈಮುಗಿದಳು.

"ನಮಸ್ಕಾರ. ನನ್ನ ಹೆಸರು ಶುಭಾ. ಚಾ ಕುಡೀತೀರಾ?"

ಎಷ್ಟು ಸ್ಪಷ್ಟ ಮಾತು! "ಕುಡೀತೀನಮ್ಮ, ಸಕ್ಕರೆ ಮಾತ್ರ ಬೇಡ" ಎಂದೆ. ಅವಳು ನನ್ನನ್ನೇ ನೋಡಿದಳು. ಮತ್ತೆ ಕೈಮುಗಿದು, "ನಮಸ್ಕಾರ. ನನ್ನ ಹೆಸರು ಶುಭಾ" ಎಂದಳು. ಆಗ ನನಗೆ ಗೊತ್ತಾಯಿತು. ಆ ಮೂರು ಮಾತಿನ ಆಚೆ ಅವಳಿಗೆ ದಾರಿಯೇ ಇರಲಿಲ್ಲ. ನಾನು ಅವಳನ್ನು ಮಾತಾಡಿಸಿದ್ದೆ ಎಂದುಕೊಂಡಿದ್ದ ಸಲವೆಲ್ಲ ಲೀಲಾ ಪಕ್ಕದಲ್ಲೇ ನಿಂತು ಮುಂದಿನ ಮಾತನ್ನು ತಾನು ಎತ್ತಿಕೊಂಡಿದ್ದಳು.

ಲೀಲಾ ಗಟ್ಟಿ ಹೆಂಗಸು. ಮಗಳಿಗೆ ಬಟ್ಟೆ ಹಾಕಿಕೊಳ್ಳಲು ಕಲಿಸಲು ಅವಳಿಗೆ ವರ್ಷಗಳೇ ಹಿಡಿದಿದ್ದವು. ಈ ಮೂರು ಮಾತಿಗೆ ಇನ್ನೂ ಹೆಚ್ಚು. "ಮಗಳು ಎಂಥ ಮಾಡ್ತಾಳೆ?" ಎಂದು ಕೇಳುವ ನಮ್ಮ ಜನರ ನಡುವೆ, ಆ ಹುಡುಗಿಯನ್ನು ತಲೆ ಎತ್ತಿ ನಿಲ್ಲುವಂತೆ ಮಾಡುವುದೇ ಅವಳ ಬದುಕಾಗಿತ್ತು. ಹೆಣ್ಣು ನೋಡಲು ಬರುವವರ ಮುಂದೆ ಮಗಳನ್ನು ತಿದ್ದಿ ತೀಡಿ ಕೂರಿಸುತ್ತಾರಲ್ಲ, ಇವಳು ದಿನವೂ ಹಾಗೆ ಕೂರಿಸುತ್ತಿದ್ದಳು.

"ನೋಡಮ್ಮಾ, ಬೋರ್ಡಿನ ಮುಂದೆ ಏನೂ ಹೇಳಿಕೊಡಬೇಡ. ಅವಳು ಹೇಗಿದ್ದಾಳೋ ಹಾಗೇ ಕರ್ಕೊಂಡು ಹೋಗು" ಎಂದೆ.

"ಅಂದ್ರೆ ನನ್ನ ಮಗಳಿಗೆ ಎಂಥದೂ ಬರುದಿಲ್ಲ ಅಂತ ಅವಳ ಎದುರೇ ಬರೆಸಿಕೊಳ್ಬೇಕಾ ಸಾಬ್?"

"ಅವಳಿಗೇನಮ್ಮ ಗೊತ್ತಾಗುತ್ತೆ?"

"ಎಲ್ಲ ಗೊತ್ತಾಗ್ತದೆ ಅವಳಿಗೆ. ನಿಮಗೆ ಗೊತ್ತಿಲ್ಲ" ಎಂದು ಲೀಲಾ ಎದ್ದು ಒಳಗೆ ಹೋದಳು. ಚಹಾ ತಂದುಕೊಟ್ಟದ್ದು ಸಂಜೀವ.

ರಜೆ ಸಿಕ್ಕ ಕೂಡಲೇ ಮೂವರೂ ಊರಿಗೆ ಹೋದರು. ಬೋರ್ಡಿನ ದಿನ ಮಧ್ಯಾಹ್ನ ನಾನು ಕಾರ್ಮಿಕರ ಕ್ಯಾಂಪಿನಲ್ಲಿ ನೀರಿನ ಟ್ಯಾಂಕರಿನವನ ಜೊತೆ ಜಗಳಾಡುತ್ತಿದ್ದಾಗ ಫೋನ್ ಬಂತು. ಲೀಲಾ.

"ಸಾಬ್! ಎಲ್ಲದಕ್ಕೂ ಸರಿ ಉತ್ತರ ಕೊಟ್ಟಳು! ಹೆಸರು ಹೇಳಿದಳು, ಊರು ಹೇಳಿದಳು, ಬಣ್ಣ ಗುರುತಿಸಿದಳು. ಡಾಕ್ಟರು ಶಾಬಾಷ್ ಹೇಳಿದ್ರು ಮಾರಾಯ್ರೆ!"

ಅವಳ ದನಿಯಲ್ಲಿ ಅಂಥ ಸಂತೋಷವನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ. "ಸಂಜೀವನಿಗೆ ಕೊಡಮ್ಮ" ಎಂದೆ.

"ತಿಂಗಳಿಂದ ಹೇಳಿಕೊಟ್ಟಿದ್ದಾಳೆ ಸಾಬ್. ನಾನು ಡ್ಯೂಟಿಗೆ ಹೋದ ಮೇಲೆ. ಮಲ್ಲಿಗೆ ಮುಡಿಸಿ ಕರ್ಕೊಂಡು ಬಂದಳು. ಎಂಥ ಹೇಳುದು ನಾನು?"

ಪ್ರಮಾಣಪತ್ರದಲ್ಲಿ ಬಂದದ್ದು ಇಷ್ಟು: ಸ್ಪಷ್ಟವಾಗಿ ಮಾತಾಡುತ್ತಾಳೆ, ಪ್ರಶ್ನೆಗಳಿಗೆ ಉತ್ತರಿಸುತ್ತಾಳೆ, ನ್ಯೂನತೆ ಅಲ್ಪ ಪ್ರಮಾಣದ್ದು, ಸರಳ ಕೆಲಸ ಮಾಡಿ ದುಡಿಯಬಲ್ಲಳು. ಬೋರ್ಡಿನಲ್ಲಿದ್ದ ಕಿರಿಯ ವೈದ್ಯರನ್ನು ನಾನು ದೂರುವುದಿಲ್ಲ. ಹೊರಗೆ ಉದ್ದದ ಸಾಲು ನಿಂತಿತ್ತಂತೆ. ಎದುರಿಗೆ ಬಂದು ಕೂತವಳು ನಗುನಗುತ್ತ ಉತ್ತರ ಕೊಟ್ಟಳು. ಅವರು ಕಂಡದ್ದನ್ನು ಬರೆದರು.

ಅವರು ವಾಪಸು ಬಂದ ಮೇಲೆ ಫಹಾಹೀಲ್‌ಗೆ ಹೋದಾಗ ನನಗೆ ಕೋಪ ಬಂದಿತ್ತು ನಿಜ. ಆದರೆ ಲೀಲಾಳ ಮುಖ ನೋಡಿದ ಮೇಲೆ ಅದು ಇಳಿದುಹೋಯಿತು. ಅಷ್ಟು ಹೊತ್ತಿಗೆ ಅವಳಿಗೆ ಎಲ್ಲ ಅರ್ಥವಾಗಿತ್ತು. ಕಾಗದವನ್ನು ಮಡಿಲಲ್ಲಿಟ್ಟುಕೊಂಡು ಸೋಫಾದ ತುದಿಯಲ್ಲಿ ಕೂತಿದ್ದಳು.

"ಇಪ್ಪತ್ತು ವರ್ಷ ಕಷ್ಟಪಟ್ಟು ಕಲಿಸಿದೆ ಸಾಬ್. ಅದೇ ಅವಳಿಗೆ ಶತ್ರು ಆಯ್ತಾ?"

"ಅಪೀಲು ಹಾಕೋಣ. ದೊಡ್ಡ ಬೋರ್ಡ್ ಇದೆ. ಈ ಸಲ ಕಲಿಸೋದು ಬೇಡ, ಅಷ್ಟೇ" ಎಂದೆ.

"ಇಲ್ಲ. ಈ ಸಲ ಕಲಿಸುದಿಲ್ಲ" ಎಂದಳು. ಅವಳ ಕಣ್ಣು ಕಾಗದದ ಮೊದಲ ಸಾಲಿನ ಮೇಲೇ ಇತ್ತು. ನಾನು ಅದನ್ನು ಒಪ್ಪಿಗೆ ಎಂದುಕೊಂಡು ಹೊರಟುಬಂದೆ.

ಅಪೀಲಿನ ದಿನ ಸಿಗಲು ತಿಂಗಳುಗಳೇ ಹಿಡಿದವು. ಅಷ್ಟರಲ್ಲಿ ಸಂಜೀವ ಸೊರಗಿ ಹೋಗಿದ್ದ. ಗೋದಾಮಿನ ಗೇಟಿನಿಂದ ಆಫೀಸಿನವರೆಗೆ ನಡೆಯುವಷ್ಟರಲ್ಲಿ ಏದುಸಿರು. "ಖಲಾಸ್ ಸಾಬ್, ಗಾಡಿ ನಿಲ್ತಾ ಉಂಟು. ನಿಲ್ಲುವ ಮೊದಲು ಪಿಪಿಒದಲ್ಲಿ ಅವಳ ಹೆಸರು ಸೇರಿದರೆ ಸಾಕು" ಎಂದು ನಗುತ್ತಿದ್ದ. ಪಿಂಚಣಿ ಕಚೇರಿಗೆ ನಾನು ಎಷ್ಟು ಸಲ ಫೋನ್ ಮಾಡಿದೆನೋ, ಅಲ್ಲಿಯವರು ನನ್ನ ದನಿ ಕೇಳಿದರೆ "ಹೇಳಿ ಸುಬೇದಾರ್ ಸಾಬ್" ಎನ್ನುವಷ್ಟು ಆಗಿತ್ತು.

ದಿನ ಗೊತ್ತಾದ ಮೇಲೆ ಮೂವರೂ ಮತ್ತೆ ಊರಿಗೆ ಹೋದರು. ಎರಡನೇ ಬೋರ್ಡಿನಲ್ಲಿ ಇದ್ದದ್ದು ಹಿರಿಯ ವೈದ್ಯೆ. ಅವರು ಶುಭಾಳ ಹೆಸರು ಕೇಳಲೇ ಇಲ್ಲವಂತೆ. ಒಂದು ಜಗ್ಗು, ಎರಡು ಲೋಟ ಮುಂದಿಟ್ಟು, "ಅಮ್ಮನಿಗೊಂದು ಲೋಟ ನೀರು ಕೊಡು, ನನಗೊಂದು ಕೊಡು" ಎಂದರು. ಶುಭಾ ಒಂದು ಲೋಟ ತುಂಬಿದ ಮೇಲೂ ಸುರಿಯುತ್ತಲೇ ಇದ್ದಳು, ನೀರು ಮೇಜಿನಿಂದ ನೆಲಕ್ಕೆ ಹರಿಯುವವರೆಗೂ. ಆಮೇಲೆ ಗುಂಡಿ ಹಾಕಿಸಿದರು, ಮಡಿಸಿದ ಬಟ್ಟೆ ಬಿಡಿಸಿ ಮತ್ತೆ ಮಡಿಸಲು ಹೇಳಿದರು. ಮುಕ್ಕಾಲು ಗಂಟೆ ಅವಳ ಜೊತೆ ಕೂತು, ತೀವ್ರ ನ್ಯೂನತೆ, ದುಡಿದು ಬದುಕಲಾರಳು ಎಂದು ಬರೆದುಕೊಟ್ಟರು. "ಒಂದು ಮಾತೂ ಆಡ್ಲಿಲ್ಲ ಸಾಬ್ ಅವಳು. ಹೆದರಿದ್ದಾಳೇನೋ" ಎಂದು ಸಂಜೀವ ಫೋನಿನಲ್ಲಿ ಹೇಳಿದ. ಇರಬಹುದು ಎಂದುಕೊಂಡೆ.

ಶುಭಾಳ ಹೆಸರು ಸೇರಿದ ಪಿಪಿಒ ಕೈಗೆ ಬಂದ ದಿನ ಫಹಾಹೀಲ್ ಮಾರ್ಕೆಟಿನಲ್ಲಿ ಮೈಸೂರು ಪಾಕ್ ಕಟ್ಟಿಸಿಕೊಂಡು ಅವರ ಮನೆಗೆ ಹೋದೆ. ಬಾಗಿಲು ತೆರೆದವಳು ಶುಭಾ. ನಾನೇ ಮೊದಲು ಕೈಮುಗಿದೆ.

"ನಮಸ್ಕಾರ. ನಿನ್ನ ಹೆಸರೇನಮ್ಮ?"

ಅವಳು ತಾಯಿಯ ಕಡೆ ತಿರುಗಿದಳು. ತುಟಿಯ ಮೇಲೆ ಬೆರಳಿಟ್ಟುಕೊಂಡಳು.

"ಹೇಳು ಮಗಾ, ಈಗ ಹೇಳಬಹುದು" ಎಂದಳು ಲೀಲಾ. ಶುಭಾ ಬೆರಳು ತೆಗೆಯಲಿಲ್ಲ. "ಹೇಳು ಶುಭಾ, ಹೇಳು" ಎಂದು ಲೀಲಾ ಅವಳ ಕೈ ಹಿಡಿದು ಕೆಳಗಿಳಿಸಿದಳು. ಬಿಟ್ಟ ಕೂಡಲೇ ಬೆರಳು ಮತ್ತೆ ತುಟಿಯ ಮೇಲೆ ಬಂತು.

ಆಮೇಲೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಲೀಲಾ ಹೇಳಿದಳು. ಮೊದಲ ಪ್ರಮಾಣಪತ್ರದಲ್ಲಿ ಇದ್ದದ್ದು "ಸ್ಪಷ್ಟವಾಗಿ ಮಾತಾಡುತ್ತಾಳೆ" ಎಂದಲ್ಲವೇ? ಆ ಮಾತೇ ಇಲ್ಲದಿದ್ದರೆ ಸರಿಹೋಗುತ್ತದೆ ಎಂದು ಅವಳಿಗೆ ತೋಚಿತ್ತು. ಅಂದಿನಿಂದ ಶುಭಾ ಬಾಯಿ ತೆರೆದಾಗಲೆಲ್ಲ ಲೀಲಾ ತುಟಿಯ ಮೇಲೆ ಬೆರಳಿಟ್ಟು "ಶ್!" ಎಂದಿದ್ದಳು.

"ನಾನು ಕಲಿಸಿದ್ದನ್ನು ನಾನೇ ಕಿತ್ತುಹಾಕಿದೆ ಸಾಬ್. ಕಲಿಸ್ಲಿಕ್ಕೆ ಇಪ್ಪತ್ತು ವರ್ಷ ಬೇಕಾಯ್ತು. ಮರೆಸ್ಲಿಕ್ಕೆ ನಾಲ್ಕು ತಿಂಗಳು ಸಾಕಾಯ್ತು."

ಆ ವೈದ್ಯೆಗೆ ಮಾತೇ ಬೇಕಾಗಿರಲಿಲ್ಲ, ಒಂದು ಜಗ್ಗು ನೀರು ಸಾಕಾಗಿತ್ತು ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ಸಂಜೀವ ಹಾಲಿನಲ್ಲಿ ಕೂತು ಪಿಪಿಒದಲ್ಲಿ ಮಗಳ ಹೆಸರನ್ನು ಮತ್ತೆ ಮತ್ತೆ ಓದುತ್ತಿದ್ದ. ಅವನ ಮುಖದಲ್ಲಿ ನೆಮ್ಮದಿ ಇತ್ತು. ಆ ನೆಮ್ಮದಿಯಲ್ಲೇ ಮೂರು ವಾರದ ನಂತರ ಹೋದ. ಶವವನ್ನು ಊರಿಗೆ ಕಳಿಸುವ ಏರ್ಪಾಡೆಲ್ಲ ನಾನೇ ನೋಡಿಕೊಂಡೆ. ತಾಯಿ ಮಗಳು ಅದೇ ವಿಮಾನದಲ್ಲಿ ಹೋದರು.

ಈಗಲೂ ಶುಕ್ರವಾರ ಇಂಥ ಮಕ್ಕಳ ತಂದೆ ತಾಯಿ ಬಂದರೆ ಕಾಗದಪತ್ರ ಕೇಳುವ ಮೊದಲು ತಾಯಿಯನ್ನು ಕೂರಿಸಿಕೊಂಡು ಮಾತಾಡುತ್ತೇನೆ. ಮಗುವಿಗೆ ಏನೇನು ಬರುತ್ತದೆ ಎಂದು ಕೇಳುತ್ತೇನೆ, ಎಲ್ಲವನ್ನೂ ಕೇಳಿ ಮುಗಿಯುವವರೆಗೆ ನನ್ನ ಬಾಯಿ ಮುಚ್ಚಿಕೊಂಡಿರುತ್ತೇನೆ. ಬೋರ್ಡು ಬರೆಯುವುದು ಪಿಂಚಣಿಗೆ ಬೇಕಾದ ಒಂದು ಸಾಲು, ಅದು ನಿಮ್ಮ ಮಗುವಿನ ಬೆಲೆಯಲ್ಲ ಎಂದು ಆಮೇಲೆ ಹೇಳುತ್ತೇನೆ. ಒಂದು ಸವಲತ್ತು ಕೊಡುವುದಕ್ಕಾಗಿ ನಮ್ಮ ವ್ಯವಸ್ಥೆ ತಾಯಿಯೊಬ್ಬಳ ಬಾಯಿಂದ ಏನನ್ನು ಹೇಳಿಸುತ್ತದೆ ಎಂಬುದನ್ನು ಸೇನೆಯ ಅಷ್ಟೂ ವರ್ಷಗಳ ಗುಮಾಸ್ತಿಕೆ ನನಗೆ ಕಲಿಸಿರಲಿಲ್ಲ. ಫಹಾಹೀಲ್‌ನ ಆ ಮನೆ ಕಲಿಸಿತು.

ಲೀಲಾ ತಿಂಗಳಿಗೊಮ್ಮೆ ಪುತ್ತೂರಿನಿಂದ ಫೋನ್ ಮಾಡುತ್ತಾಳೆ. ಪಿಂಚಣಿ ಸರಿಯಾಗಿ ಬರುತ್ತಿದೆ ಎಂದು ಹೇಳಿ, ಫೋನನ್ನು ಮಗಳ ಕಿವಿಗೆ ಹಿಡಿಯುತ್ತಾಳೆ. "ನಮಸ್ಕಾರ ಶುಭಾ. ನನ್ನ ಹೆಸರು ಪುಟ್ಟಸ್ವಾಮಿ. ಚಾ ಕೊಡ್ತೀಯಾ?" ಎಂದು ಪ್ರತಿ ಸಲವೂ ನಾನೇ ಶುರು ಮಾಡುತ್ತೇನೆ. ಆ ಕಡೆ ಉಸಿರಾಡುವುದು ಕೇಳುತ್ತದೆ. ಅವಳು ಏನಾದರೂ ಹೇಳಿಯಾಳು ಎಂದು ನಾನು ಫೋನ್ ಹಿಡಿದೇ ಇರುತ್ತೇನೆ.