ಅತ್ತೆ ಕಂಡ ಹಸಿರು ದೀಪ

ಮನುಷ್ಯರ ಯೋಗಕ್ಷೇಮಕ್ಕಿಂತ ಡಬ್ಬಿಗಳ ಯೋಗಕ್ಷೇಮ ವಿಚಾರಿಸುವುದು ನನಗೆ ಸುಲಭ. ಶಿಕಾರಿಪುರದಲ್ಲಿ ಗಂಡನ ಜೊತೆ ಸೋಲಾರ್ ಸಾಮಾನಿನ ಅಂಗಡಿ ನಡೆಸುವ ನನಗೆ ಇದು ಕಸುಬಿನಿಂದ ಅಂಟಿದ ಗುಣವೋ, ಹುಟ್ಟಿನಿಂದ ಬಂದದ್ದೋ ಗೊತ್ತಿಲ್ಲ. ಗಿರಾಕಿ ಬಂದರೆ ಮೊದಲು ಕೇಳುವುದು "ಬ್ಯಾಟರಿ ಹೆಂಗೈತ್ರೀ?" ಅಂತ. ಅವರ ಕೈಗೆ ಕಟ್ಟಿದ ಬ್ಯಾಂಡೇಜು ನೆನಪಾಗುವುದು ಅವರು ಹೊರಟುಹೋದ ಮೇಲೆ.

ಡಬ್ಬಿ ಎಂದರೆ ಚಾರ್ಜ್ ಕಂಟ್ರೋಲರ್. ಮೇಲೆ ಪ್ಯಾನೆಲ್ಲು, ಕೆಳಗೆ ಬ್ಯಾಟರಿ. ನಡುವೆ ಗೋಡೆಗೆ ಅಂಟಿಕೊಂಡು, ಬ್ಯಾಟರಿ ಅತಿಯಾಗಿ ತುಂಬದಂತೆ, ಪೂರಾ ಬರಿದಾಗದಂತೆ ಕಾಯುವುದು ಇದು. ಕೇಳುವ ಸೇವೆ ಅಲ್ಪ. ಒಣಬಟ್ಟೆಯಲ್ಲಿ ಧೂಳು ಒರೆಸಬೇಕು, ಇರುವೆ ಸೇರದಂತೆ ನೋಡಬೇಕು, ತಂತಿಯ ಸ್ಕ್ರೂ ಸಡಿಲವಾದರೆ ಬಿಗಿ ಮಾಡಬೇಕು. ಅಷ್ಟನ್ನೂ ಯಾರೂ ಮಾಡುವುದಿಲ್ಲ. ಬಂದಳಿಕೆ ಕಡೆಯ, ಶಾಸನ ಓದಬಲ್ಲ ಗಿರಾಕಿಯೊಬ್ಬರು ಒಮ್ಮೆ ಹೇಳಿದ್ದರು: ಹಳೆಯ ದಾನಶಾಸನಗಳ ಪ್ರಕಾರ ಕೊಟ್ಟವನಿಗಿಂತ, ಕೊಟ್ಟದ್ದನ್ನು ಕಾಪಾಡಿದವನಿಗೇ ಹೆಚ್ಚು ಪುಣ್ಯವಂತೆ. ಅಂದಿನಿಂದ ಸರ್ವಿಸ್ ಮಾಡಿಸದ ಗಿರಾಕಿಗಳ ಮೇಲೆಲ್ಲ ಈ ಮಾತನ್ನು ಪ್ರಯೋಗಿಸುತ್ತ ಬಂದಿದ್ದೇನೆ.

ಆ ಪುಣ್ಯವನ್ನು ನಿಜವಾಗಿ ಸಂಪಾದಿಸಿದವರು ನನ್ನ ಅತ್ತೆ. ಸೊರಬದ ಆಚೆ, ಕರೆಂಟಿನ ಕಂಬ ಇನ್ನೂ ಮುಟ್ಟದ ಹೊಲದ ಮನೆಯಲ್ಲಿ ಭಾವನ ಸಂಸಾರದ ಜೊತೆ ಇದ್ದಾರೆ. ಸ್ಕ್ರೂಡ್ರೈವರ್ ಹಿಡಿದು ಏಣಿ ಹತ್ತುವ ಸೊಸೆ ಅವರಿಗೆ ಮೊದಲಿನಿಂದ ಅಷ್ಟಕ್ಕಷ್ಟೆ. ನಮ್ಮ ಮಾತು "ಊಟ ಆಯ್ತಾ" ದಾಟಿರಲಿಲ್ಲ. ಆ ಮನೆಗೆ ಸೋಲಾರ್ ಹಾಕಿದಾಗ, ಹಗಲೆಲ್ಲ ಒಳಗಿರುವವರು ಅವರೇ ಎಂದು ಡಬ್ಬಿಯ ಸೇವೆಯನ್ನು ಅವರಿಗೇ ಕಲಿಸಿದೆ. ಹಸಿರು ದೀಪ ಉರಿದರೆ ಬ್ಯಾಟರಿ ಸರಿ, ಕೆಂಪು ಉರಿದರೆ ನನಗೆ ಫೋನು.

ಅತ್ತೆ ಹಸಿರಿಗೂ ಫೋನು ಮಾಡತೊಡಗಿದರು.

"ಹಸಿರೇ ಐತೆ ಕಣೆ."

"ಚಲೋ ನೋಡ್ಕಂಡೀರಿ ಅತ್ತೆ."

ಇಷ್ಟೇ ಮಾತು. ಆದರೂ ಸಂಜೆಯಾದರೆ ಆ ಫೋನಿಗೆ ಕಾಯುತ್ತಿದ್ದೆ, ಗಂಡನ ಮುಂದೆ ಒಪ್ಪಿಕೊಳ್ಳದಿದ್ದರೂ.

ಕಳೆದ ಮಳೆಗಾಲ ಮುಗಿದ ಮೇಲೆ ಭಾವ ಫೋನು ಮಾಡಿ, ಮನೆಯ ದೀಪಗಳು ಬೇಗ ಆರಿಹೋಗುತ್ತಿವೆ ಎಂದರು. ಹಿಂದಿನ ಸಂಜೆಯಷ್ಟೇ ಅತ್ತೆ ಹಸಿರು ಎಂದಿದ್ದರು. ಬೆಳಿಗ್ಗೆ ಹೋಗಿ ನೋಡಿದರೆ ಡಬ್ಬಿಯ ಮೇಲೆ ಒಂಚೂರೂ ಧೂಳಿಲ್ಲ. ಆದರೆ ಬ್ಯಾಟರಿ ತಂತಿಯ ಸ್ಕ್ರೂ ಸಡಿಲ, ಸುತ್ತ ಕಿಲುಬು. ಕೆಂಪು ದೀಪ ಕೆಂಡದ ಹಾಗೆ ಉರಿಯುತ್ತಿದೆ. ಅತ್ತೆ ಪಕ್ಕದಲ್ಲೇ ನಿಂತು, "ನೋಡು, ಹಸಿರೇ ಐತಲ್ಲ" ಎಂದರು.

ಅವರು ನೋಡುತ್ತಿದ್ದುದು ಡಬ್ಬಿಯನ್ನಲ್ಲ, ಅದರ ಬದಿಯ ಗೋಡೆಯನ್ನು.

"ಅತ್ತೆ, ಕಣ್ಣು ಕಾಣ್ಸಲ್ವೇನ್ರೀ?"

"ಮಬ್ಬು ಮಬ್ಬು ಕಾಣ್ತೈತೆ. ಡಬ್ಬಿ ಮುಟ್ಟಿ ನೋಡ್ತಿದ್ದೆ. ಬೆಚ್ಚಗಿದ್ರೆ ಹಸಿರು ಅಂತಿದ್ದೆ."

"ಕಾಣಲ್ಲ ಅಂತ ಹೇಳಬಾರ್ದಿತ್ತಾ?"

"ಹಸಿರು ಅಂದ್ರೆ ನೀನು ಚಲೋ ನೋಡ್ಕಂಡೀರಿ ಅಂತಿದ್ದಿ. ಕಾಣಲ್ಲ ಅಂದಿದ್ರೆ ಕೆಲಸ ಬೇರೆಯೋರಿಗೆ ಕೊಡ್ತಿದ್ದಿ."

ಶಿವಮೊಗ್ಗದ ಆಸ್ಪತ್ರೆಯಲ್ಲಿ ಒಂದು ಕಣ್ಣಿನ ಪೊರೆ ತೆಗೆದರು, ಆ ಕಣ್ಣು ಉಳಿಯಿತು. ಇನ್ನೊಂದನ್ನು ನೋಡಿ, ಮೊದಲೇ ಕರೆತರಬೇಕಿತ್ತು ಎಂದರು ಡಾಕ್ಟರು. ದಿನವೂ ಅತ್ತೆಯಿಂದ ನಾನು ಮಾಡಿಸುತ್ತಿದ್ದುದು ಕಣ್ಣಿನ ಕೆಲಸವನ್ನೇ. ಕಣ್ಣು ಹೇಗಿದೆ ಎಂದು ಒಂದು ದಿನವೂ ಕೇಳಲಿಲ್ಲ. ಈಗ ಫೋನಿನಲ್ಲಿ ಮೊದಲು ಅದನ್ನೇ ಕೇಳುತ್ತೇನೆ. ಕೇಳುವುದಕ್ಕೆ ಉಳಿದಿರುವುದು ಒಂದೇ ಕಣ್ಣು.

ಮೊನ್ನೆ ಹೊಸ ಬ್ಯಾಟರಿ ಜೋಡಿಸಲು ಹೋಗಿದ್ದೆ. ಅತ್ತೆ ಕನ್ನಡಕ ಏರಿಸಿ, ಡಬ್ಬಿಯನ್ನು ಬಿಟ್ಟು ನನ್ನನ್ನೇ ದಿಟ್ಟಿಸಿದರು.

"ಇದೇನೇ, ಬಿಸಿಲಾಗೆ ತಿರುಗಿ ಇಷ್ಟು ಸೊರಗೀಯ? ನಿನ್ನ ಯಾರೇ ನೋಡ್ಕಳೋದು?"

ನಾನು ಸ್ಕ್ರೂ ತಿರುಗಿಸುತ್ತಲೇ ನಿಂತೆ. ಅದು ಆಗಲೇ ಬಿಗಿಯಾಗಿತ್ತು.