ಬೇಕಾದವರು

ಕುಣಿಗಲ್ ತಾಲ್ಲೂಕು ಕಚೇರಿಯ ಮುಂದಿನ ಹೊಂಗೆ ಮರದ ಕೆಳಗೆ ಮೂವತ್ತೊಂದು ವರ್ಷ ಕೂತು ಅರ್ಜಿ ಬರೆದವನು ನಾನು, ಷಡಕ್ಷರಿ. ಬರೆದದ್ದರಲ್ಲಿ ಮುಕ್ಕಾಲು ಪಾಲನ್ನು ಗೆದ್ದಲು ತಿಂದಿರಬೇಕು, ತಿನ್ನಲಿ. ಒಂದೇ ಒಂದು ಪದ ಮಾತ್ರ ನನ್ನ ಬೆನ್ನು ಬಿಟ್ಟಿಲ್ಲ. ಅದನ್ನು ನಾನು ಬರೆದುಕೊಟ್ಟದ್ದು ಕೊತ್ತಗೆರೆಯ ಹಿಟ್ಟಿನ ಗಿರಣಿ ಅಡವಿಯಪ್ಪನಿಗೆ. ಅವನು ಹೋದ ವರ್ಷ ತೀರಿಕೊಂಡ. ಅವನ ಕಥೆ ಹೇಳಹೊರಟರೆ ನನ್ನ ತಪ್ಪನ್ನೂ ಹೇಳಬೇಕಾಗುತ್ತದೆ. ಅದಕ್ಕೇ ಅವನಿರುವ ತನಕ ಬಾಯಿ ಬಿಟ್ಟಿರಲಿಲ್ಲ.

ಅಡವಿಯಪ್ಪ ಮಿಲಿಟರಿಯಲ್ಲಿ ಲಾರಿ ಡ್ರೈವರ್ ಆಗಿದ್ದ. ಎಂಬತ್ತೆಂಟರಲ್ಲಿ ಅವನನ್ನು ಶ್ರೀಲಂಕಾಕ್ಕೆ ಕಳಿಸಿದ್ದರು. ಅಲ್ಲಿ ಒಂದು ದಿನ ಅವನ ಲಾರಿ ನೆಲದಲ್ಲಿ ಹೂತಿಟ್ಟ ಬಾಂಬಿನ ಮೇಲೆ ಹರಿದು ಮಗುಚಿತು. ಜೊತೆಯಲ್ಲಿದ್ದ ಇಬ್ಬರು ಅಲ್ಲೇ ಸತ್ತರು. ಇವನು ಮುರಿದ ಕಾಲು ಎಳೆದುಕೊಂಡು ತೆವಳಿ ಹೋಗಿ ಯಾರದೋ ಹಿತ್ತಿಲಲ್ಲಿ ಬಿದ್ದುಕೊಂಡ. ಆ ಮನೆಯಾಕೆಯ ಹೆಸರು ತವಮಣಿ, ಅಂಚೆ ಗುಮಾಸ್ತನ ಹೆಂಡತಿ. ಆಕೆ ಇವನನ್ನು ಎರಡು ದಿನ ಅಡುಗೆಮನೆಯ ಸೌದೆ ರಾಶಿಯ ಹಿಂದೆ ಮಲಗಿಸಿ ಗಂಜಿ ಕುಡಿಸಿದಳು. ಮೂರನೆಯ ದಿನ ಸೈನ್ಯದವರು ಬಂದು ಎತ್ತಿಕೊಂಡು ಹೋಗುವಾಗ ಇವನು ಆಕೆಯ ಮಗಳ ಕಾಪಿ ಪುಸ್ತಕದ ಹಿಂಬದಿಯಲ್ಲಿ ತನ್ನ ವಿಳಾಸ ಬರೆದುಕೊಟ್ಟ. ಅವನಿಗೆ ಇಂಗ್ಲಿಷಿನಲ್ಲಿ ಬರೆಯಲು ಬರುತ್ತಿದ್ದದ್ದು ಅಷ್ಟೇ.

ಕುಂಟು ಕಾಲಿಗೆ ಪೆನ್ಷನ್ ಕೊಟ್ಟು ಊರಿಗೆ ಕಳಿಸಿದರು. ಬಂದವನು ರಾಗಿ ಬೀಸುವ ಗಿರಣಿ ಹಾಕಿಕೊಂಡ. ತೊಂಬತ್ತರ ಶ್ರಾವಣದಲ್ಲಿ ತಮಿಳುನಾಡಿನ ಒಂದು ನಿರಾಶ್ರಿತರ ಕ್ಯಾಂಪಿನಿಂದ ಅವನಿಗೊಂದು ಇನ್‌ಲ್ಯಾಂಡ್ ಲೆಟರ್ ಬಂತು. ಅಡವಿಯಪ್ಪ ಅಂದೇ ಗಿರಣಿಗೆ ಬೀಗ ಹಾಕಿ ಹೊರಟ, ನಾಲ್ಕು ದಿನಕ್ಕೆ ತವಮಣಿಯನ್ನೂ ಒಂಬತ್ತು ವರ್ಷದ ಮಗಳು ಯಾಳಿನಿಯನ್ನೂ ಕರೆದುಕೊಂಡು ಬಂದ. ಸೈನಿಕನಿಗೆ ಅನ್ನ ಹಾಕಿದ್ದಕ್ಕೆ, ನಮ್ಮ ಸೈನ್ಯದ ವಿರುದ್ಧ ಕಾದಾಡುತ್ತಿದ್ದ ಬಂದೂಕಿನ ಹುಡುಗರು ಒಂದು ಸಂಜೆ ಆಕೆಯ ಗಂಡನನ್ನು ಮನೆಯಿಂದ ಕರೆದೊಯ್ದಿದ್ದರು. ವಿಚಾರಿಸಿ ಕಳಿಸುತ್ತೇವೆ ಎಂದಿದ್ದರಂತೆ. ಕಳಿಸಲಿಲ್ಲ. ತವಮಣಿ ಇದನ್ನು ದೂರಿನಂತೆ ಹೇಳಿಕೊಂಡವಳಲ್ಲ. ಆದರೆ ಅಡವಿಯಪ್ಪ ಅದನ್ನು ಕೇಳಿಸಿಕೊಂಡ ಮೇಲೆ ಮೊದಲಿನ ಮನುಷ್ಯನಾಗಿ ಉಳಿಯಲಿಲ್ಲ.

ಕ್ಯಾಂಪಿನ ಹೊರಗೆ ಇರಬೇಕಾದರೆ ಪರವಾನಗಿ ಬೇಕು. ಮಾನವೀಯತೆಯ ದೃಷ್ಟಿಯಿಂದ, ತಾತ್ಕಾಲಿಕವಾಗಿ, ಮೂರು ಮೂರು ತಿಂಗಳಿಗೆ ಕೊಡುತ್ತಿದ್ದರು. ಅದಕ್ಕೆ ಸ್ಥಳೀಯನೊಬ್ಬ ಜವಾಬ್ದಾರಿ ಹೊತ್ತು ಬರೆದುಕೊಡಬೇಕು. ಆ ಕಾಗದ ಬರೆಸಲು ಅಡವಿಯಪ್ಪ ನನ್ನ ಹೊಂಗೆ ಮರದ ಕೆಳಗೆ ಬಂದು ಕೂತ. ಇವರ ಊಟ, ಬಟ್ಟೆ, ನೆಲೆ, ಕಾಯಿಲೆ ಕಸಾಲೆಯ ಖರ್ಚು ಎಲ್ಲವೂ ನನ್ನದು, ಸರ್ಕಾರದ ಮೇಲೆ ಹೊರೆ ಬೀಳಲು ಬಿಡುವುದಿಲ್ಲ ಎಂದು ನಾನು ಚೆಂದವಾಗಿ ಬರೆದೆ. ಪಹಣಿ, ಪೆನ್ಷನ್ ಪುಸ್ತಕ, ಗಿರಣಿ ಲೈಸೆನ್ಸು, ಮೂರರ ನಕಲನ್ನೂ ಹಿಂದೆ ಪಿನ್ ಮಾಡಿದೆ. ಕೊನೆಯಲ್ಲಿ ಒಂದು ಕಾಲಂ ಉಳಿಯಿತು, 'ಸದರಿ ವ್ಯಕ್ತಿಗಳಿಗೂ ತಮಗೂ ಇರುವ ಸಂಬಂಧ'.

ತಂಗಿ ಅಂತ ಬರೆದರಾಯಿತು ಎಂದೆ ನಾನು. ಅವನು ತಲೆ ಅಲ್ಲಾಡಿಸಿದ.

"ಸುಳ್ಳಾಗ್ತೈತೆ ರೈಟ್ರೇ. ಸರ್ಕಾರದ ಕಾಗದ್ದಲ್ಲಿ ಸುಳ್ಳು ಬ್ಯಾಡ."

ಸ್ನೇಹಿತೆ ಎಂದು ಬರೆದರೆ ಅವನ ಹೆಂಡತಿ ನರಸಮ್ಮ ಅವನನ್ನೂ ನನ್ನನ್ನೂ ಒಟ್ಟಿಗೆ ಗಿರಣಿಗೆ ಸುರಿದು ಬೀಸಿಬಿಡುತ್ತಿದ್ದಳು. ಪರಿಚಯಸ್ಥರು ಎಂದರೆ ಆಫೀಸಿನವರು ಒಪ್ಪುವುದಿಲ್ಲ, ಪರಿಚಯಕ್ಕೆಲ್ಲ ಯಾರು ಅನ್ನ ಹಾಕುತ್ತಾರೆ ಎಂದು ಕೇಳುತ್ತಾರೆ. ಪಕ್ಕದ ಟೈಪಿಸ್ಟ್ ಇಂಗ್ಲಿಷಿನಲ್ಲಿ ಏನೋ ಒಂದು ಪದ ಹೇಳಲು ಬಂದ. ನನ್ನ ಮೇಜಿಗೆ ಇಂಗ್ಲಿಷ್ ಬರಕೂಡದು ಎಂದು ಗದರಿದೆ. ಆ ಕಾಲದಲ್ಲಿ ನನಗೆ ಕನ್ನಡದ ಪಿತ್ತ ನೆತ್ತಿಗೇರಿತ್ತು. ನಮ್ಮ ಕಡೆ ರಕ್ತಸಂಬಂಧ ಇಲ್ಲದೆಯೂ ಮನೆಯವರಂತಿರುವವರಿಗೆ ಏನನ್ನುತ್ತೇವೆ? ಮದುವೆ ಪತ್ರಿಕೆ ಹಂಚುವಾಗ ಮೊದಲು ಬರೆದುಕೊಳ್ಳುವುದು ಯಾರ ಹೆಸರು? ಅದನ್ನೇ ಬರೆದೆ, ದುಂಡಗೆ. 'ಬೇಕಾದವರು'. ಕೆಳಗೆ ನನ್ನ ಹೆಸರನ್ನೂ ಹಾಕಿದೆ, 'ಬರೆದವರು: ಷಡಕ್ಷರಿ' ಎಂದು.

ತವಮಣಿಗೆ ಆ ಪದದ ಅರ್ಥ ಹೇಳಿದಾಗ ಆಕೆ ನಕ್ಕಳು. ತಮಿಳಿನಲ್ಲೂ ಹಾಗೇ ಅನ್ನುತ್ತಾರಂತೆ, ಅಕ್ಷರ ಮಾತ್ರ ಬೇರೆ. ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಒಂಬತ್ತು ತಿಂಗಳು ಚೆನ್ನಾಗಿಯೇ ನಡೆಯಿತು. ತವಮಣಿ ಗಿರಣಿಯಲ್ಲಿ ಸರದಿ ನೋಡಿಕೊಳ್ಳುತ್ತಿದ್ದಳು. ಹುರಿದ ರಾಗಿ ಹಿಟ್ಟನ್ನು ಉದುರುದುರಾಗಿ ಹಬೆಯಲ್ಲಿ ಬೇಯಿಸಿ ತೆಂಗಿನ ತುರಿ ಹಾಕಿ ಪುಟ್ಟು ಮಾಡುತ್ತಿದ್ದಳು. ಮುದ್ದೆ ಕಟ್ಟಲು ಬಾರದವಳು ಎಂದು ಊರ ಹೆಂಗಸರು ಆಡಿಕೊಂಡರು, ಆಮೇಲೆ ಅವರೇ ಬಟ್ಟಲು ಹಿಡಿದುಕೊಂಡು ಬಂದರು. ಯಾಳಿನಿ ಹೊನ್ನಯ್ಯ ಮೇಷ್ಟ್ರ ಶಾಲೆಗೆ ಸೇರಿ ಕನ್ನಡ ಅಕ್ಷರ ಕೂಡಿಸಿ ಓದುವುದನ್ನು ಕಲಿತಳು. ಕಂಡ ಕಂಡ ಬೋರ್ಡನ್ನೆಲ್ಲ ಜೋರಾಗಿ ಓದುವುದು ಅವಳ ಚಟ. ಪ್ರತಿ ತಿಂಗಳ ಮೊದಲ ಸೋಮವಾರ ಮೂವರೂ ತುಮಕೂರಿನ ಕಚೇರಿಗೆ ಹೋಗಿ ಸಹಿ ಹಾಕಿ ಬರಬೇಕಿತ್ತು. ಗೂಳೂರು ದಾಟುವ ತನಕ ಬಸ್ಸಿನ ಕಿಟಕಿಗೆ ಅಂಟಿಕೊಂಡು ಅವಳು ಅಂಗಡಿಗಳ ಹೆಸರು ಓದುತ್ತಿದ್ದಳಂತೆ.

ತೊಂಬತ್ತೊಂದರ ಮೇ ತಿಂಗಳಲ್ಲಿ, ಮಾಜಿ ಪ್ರಧಾನಿಯನ್ನು ಬಲಿ ತೆಗೆದುಕೊಂಡ ಶ್ರೀಪೆರುಂಬುದೂರಿನ ಸ್ಫೋಟವಾಯಿತು. ಮರುದಿನ ಬೆಳಿಗ್ಗೆ ರೇಡಿಯೋ ಕೇಳಿದವರು ಯಾರೂ ರಾಗಿ ಚೀಲ ಎತ್ತಿಕೊಂಡು ಗಿರಣಿಗೆ ಬರಲಿಲ್ಲ. ವಾರ ಕಳೆದ ಮೇಲೂ ಅರ್ಧಕ್ಕರ್ಧ ಜನ ಎಡೆಯೂರಿನ ತನಕ ಹೋಗಿ ಬೀಸಿಸಿಕೊಂಡು ಬಂದರು. ಬಂದವರೂ ತವಮಣಿಯ ಎದುರಿಗೆ ಮಾತಾಡುವುದನ್ನು ನಿಲ್ಲಿಸಿದರು. ಆಗಸ್ಟಿನಲ್ಲಿ ಬೆಂಗಳೂರಿನ ಅಂಚಿನ ಒಂದು ಮನೆಯಲ್ಲಿ, ಮಂಡ್ಯದ ಕಡೆಯ ಹಳ್ಳಿಗಳಲ್ಲಿ ಲಂಕೆಯವರು ಅಡಗಿದ್ದರೆಂಬ ಸುದ್ದಿ ಬಂದಾಗ ಆ ಅರ್ಧ ಜನ ಬರುವುದೂ ನಿಂತಿತು. ಗುಬ್ಬಿಯಲ್ಲಿದ್ದ ನರಸಮ್ಮನ ತವರಿನವರನ್ನು ಯಾರೋ ಬಂದು ವಿಚಾರಿಸಿ ಹೋದರು. ಬಂದವರು ಯಾರು, ಏನು ಕೇಳಿದರು ಎಂಬುದನ್ನು ಆ ಮನೆಯವರು ಇವತ್ತಿಗೂ ಬಾಯಿ ಬಿಟ್ಟು ಹೇಳಿಲ್ಲ.

ಕುಣಿಗಲ್ ಬಸ್ ಸ್ಟ್ಯಾಂಡಿನ ಗೋಡೆಗೆ ಆಗ ಪೊಲೀಸರು ಒಂದು ಕಾಗದ ಅಂಟಿಸಿದ್ದರು. ಏಳೆಂಟು ಮುಖ, ಮೇಲೆ ದಪ್ಪ ಅಕ್ಷರದಲ್ಲಿ 'ಬೇಕಾಗಿದ್ದಾರೆ'. ಅದನ್ನು ನಾನು ದಿನಾ ನೋಡಿಕೊಂಡೇ ಮರದ ಕೆಳಗೆ ಹೋಗಿ ಕೂರುತ್ತಿದ್ದೆ. ಕನ್ನಡ ಪಂಡಿತನಂತೆ ಮೆರೆಯುತ್ತಿದ್ದ ನನ್ನ ಮಂಡೆಗೆ ಏನೂ ಹೊಳೆಯಲಿಲ್ಲ.

ಸೆಪ್ಟೆಂಬರಿನ ಒಂದು ಸೋಮವಾರ ಹತ್ತು ಗಂಟೆಗೆ ಗಿರಣಿಯ ಮುಂದೆ ಜೀಪು ನಿಂತಿತು. ಅದಾದ ಸ್ವಲ್ಪ ಹೊತ್ತಿಗೆ ಅದೇ ಜೀಪು ನನ್ನ ಮರದ ಕೆಳಗೂ ಬಂತು. ಹಿಂದಿನ ಸೀಟಿನಲ್ಲಿ ಅಡವಿಯಪ್ಪ, ತವಮಣಿ, ಯಾಳಿನಿ ಕೂತಿದ್ದರು. ಅಡವಿಯಪ್ಪನ ಹುಬ್ಬಿನ ಮೇಲೆ ಇನ್ನೂ ಹಿಟ್ಟಿತ್ತು. ನನ್ನನ್ನೂ ಹತ್ತಿಸಿಕೊಂಡು ತುಮಕೂರಿಗೆ ಹೊರಟರು. ದಾರಿಯಲ್ಲಿ ಯಾಳಿನಿ ಒಂದು ಬೋರ್ಡನ್ನೂ ಓದಲಿಲ್ಲ.

ಅಲ್ಲಿನ ಅಧಿಕಾರಿ ಒಳ್ಳೆಯ ಮಾತಿನವರು. ತಾಯಿ ಮಗಳನ್ನು ತೆರೆದ ಬಾಗಿಲ ಹೊರಗೆ ವರಾಂಡದ ಬೆಂಚಿನಲ್ಲಿ ಕೂರಿಸಿ ನಮಗೆ ಕುರ್ಚಿ ಕೊಟ್ಟರು, ನೀರು ತರಿಸಿದರು. ಆ ಮರ್ಯಾದೆಗೇ ನಾನು ಕುರ್ಚಿಯ ತುದಿಯಲ್ಲಿ ಕೂತೆ. ಅವರ ಮುಂದೆ ನಾನು ಬರೆದ ಕಾಗದವಿತ್ತು, ಅದರ ಮೇಲೆ ಬೆಂಗಳೂರಿನ ಯಾವುದೋ ಕಚೇರಿಯಲ್ಲಿ ಮಾಡಿಸಿದ ಇಂಗ್ಲಿಷ್ ತರ್ಜುಮೆ ಇತ್ತು. ಸಂಬಂಧದ ಕಾಲಮಿನ ಎದುರು ಟೈಪ್ ಮಾಡಿದ್ದ ಪದವನ್ನು ಕೆಂಪು ಶಾಯಿಯಲ್ಲಿ ಎರಡು ಸಲ ಸುತ್ತಿದ್ದರು. ಅವರೇ ಅದನ್ನು ಓದಿ ಹೇಳಿದರು, ವಾಂಟೆಡ್.

"ಹೋದ ವರ್ಷವೇ ನಿಮಗೆ ಹೇಗೆ ಗೊತ್ತಾಯ್ತು ಇವರು ವಾಂಟೆಡ್ ಅಂತ?" ಎಂದು ಅವರು ಕೇಳಿದರು.

ನಾನು ವಿವರಿಸಿದೆ. ಬೇಕಾದವರು ಅಂದರೆ ಆಪ್ತರು ಸಾರ್, ನೆಂಟರಿಗಿಂತ ಹೆಚ್ಚು ಎಂದೆ. ಅವರೂ ನಮ್ಮ ಕಡೆಯವರೇ, ಆ ಪದ ಗೊತ್ತಿಲ್ಲದವರಲ್ಲ. ಅರ್ಥವಾಯಿತು ಎಂದು ತಲೆದೂಗಿದರು. ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಅವರು ಪೆನ್ನಿನ ಮುಚ್ಚಳ ಹಾಕಿಟ್ಟು, ಆಪ್ತರು ಎಂದರೆ ಇನ್ನೂ ಕಷ್ಟ ಎಂದರು. ಮೇಲಿನವರು ಪ್ರತಿಯೊಬ್ಬ ಆಪ್ತರ ಪಟ್ಟಿ ಕೇಳುತ್ತಿದ್ದಾರೆ. ಪದ ಹಾಗೇ ಉಳಿದರೆ ಇಬ್ಬರ ಜೊತೆ ಅಡವಿಯಪ್ಪನೂ ವಿಚಾರಣೆಗೆ ಹೋಗಬೇಕು, ಬರೆದವರೂ ಹೋಗಬೇಕು. ತಪ್ಪಾಗಿ ಬರೆದದ್ದು, ಸಂಬಂಧವಿಲ್ಲ ಎಂದು ತಿದ್ದಿಕೊಟ್ಟರೆ ಇಲ್ಲಿಂದಲೇ ಮನೆಗೆ ಹೋಗಬಹುದು. ಜವಾಬ್ದಾರಿ ಪತ್ರ ರದ್ದಾಗುತ್ತದೆ, ಹೆಂಗಸನ್ನೂ ಮಗುವನ್ನೂ ಕ್ಯಾಂಪಿಗೆ ಸೇರಿಸುತ್ತಾರೆ.

"ಏನೂ ಆಗಲ್ಲ. ವಿಚಾರಿಸಿ ಕಳಿಸ್ತೀವಿ" ಎಂದರು.

ನಾವಿಬ್ಬರೂ ವರಾಂಡಕ್ಕೆ ಬಂದೆವು. ಅಡವಿಯಪ್ಪ ತಾನೂ ಅವರ ಜೊತೆ ಹೋಗುತ್ತೇನೆ, ಪದ ಇರಲಿ ಬುಡಿ ಎಂದ. ಅವನು ಹಾಗೇ ನಿಂತಿದ್ದರೆ ನಾನೂ ಜೊತೆಗೆ ಹೋಗಬೇಕಿತ್ತು. ನನಗೆ ಭಯವಾಯಿತು. ಇದನ್ನು ಸುತ್ತಿ ಬಳಸಿ ಹೇಳುವುದರಿಂದ ಪ್ರಯೋಜನವಿಲ್ಲ. ಕಾಗದದ ಕೆಳಗಿದ್ದ ನನ್ನ ಹೆಸರಿನ ಭಯ. ನರಸಮ್ಮನ ಗತಿಯೇನು ಎಂದು ಕೇಳಿದೆ, ಗಿರಣಿಯ ಗತಿಯೇನು ಎಂದೆ, ಕ್ಯಾಂಪಿನಲ್ಲಿ ಅನ್ನ ನೀರು ಕೊಡುತ್ತಾರೆ, ಎರಡು ತಿಂಗಳಲ್ಲಿ ಗಲಾಟೆ ತಣ್ಣಗಾಗುತ್ತದೆ, ಆಗ ಹೊಸ ಅರ್ಜಿ ಹಾಕಿ ಕರೆತರೋಣ ಎಂದೆ. ಅರ್ಧ ಗಂಟೆ ಅವನ ತಲೆ ತಿಂದೆ. ಕೊನೆಗೆ ಅವನು ಪೆನ್ನಿಗೆ ಕೈ ಚಾಚಿದ. ನಾನು ಅದೇ ದುಂಡಕ್ಷರದಲ್ಲಿ ಬರೆದುಕೊಟ್ಟೆ, ಅವನು ಸಹಿ ಹಾಕಿದ.

ಕಾಗದವನ್ನು ಶಾಯಿ ಆರಲೆಂದು ವರಾಂಡದ ಬೆಂಚಿನ ಮೇಲಿಟ್ಟಿದ್ದೆ. ಪಕ್ಕದಲ್ಲಿ ಕೂತಿದ್ದ ಯಾಳಿನಿ ಅದರ ಮೇಲೆ ಬಗ್ಗಿದಳು. ನಾನು ಎತ್ತಿಕೊಳ್ಳುವಷ್ಟರಲ್ಲಿ ಬೆರಳಿಟ್ಟು ಓದಿಬಿಟ್ಟಳು. ಸಂ, ಬಂ, ಧ, ವಿ, ಲ್ಲ. ಓದು ಸರಿಯಾಯಿತೇ ಎಂದು ನನ್ನ ಮುಖ ನೋಡಿದಳು. ಆ ಪದವನ್ನು ತವಮಣಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ತಮಿಳಿನಲ್ಲೂ ಅದು ಹೆಚ್ಚು ಕಡಿಮೆ ಅದೇ ಪದ.

ಆಕೆ ಅಡವಿಯಪ್ಪನನ್ನು ನೋಡಲಿಲ್ಲ. ಮಗಳ ಜಡೆ ಬಿಚ್ಚಿ ಮತ್ತೆ ಹೆಣೆಯುತ್ತ, ಕಲಿತಿದ್ದ ಕನ್ನಡದಲ್ಲಿ ಒಂದೇ ಮಾತು ಹೇಳಿದಳು.

"ಯಾಳಿನಿ ಅಪ್ಪನ್ನೂ ಹಿಂಗೇ ಹೇಳಿ ಕರ್ಕೊಂಡೋದ್ರು ಅಣ್ಣ."

ಮಧ್ಯಾಹ್ನ ಇಬ್ಬರನ್ನೂ ಒಂದು ನೀಲಿ ವ್ಯಾನಿಗೆ ಹತ್ತಿಸಿದರು. ಅದು ಬೆಂಗಳೂರು ರಸ್ತೆಯ ಕಡೆ ತಿರುಗಿದ್ದನ್ನು ನಾವು ಗೇಟಿನಲ್ಲಿ ನಿಂತು ನೋಡಿದೆವು.

ಎರಡು ತಿಂಗಳ ಮೇಲೆ ಅಡವಿಯಪ್ಪ ಕ್ಯಾಂಪಿಗೆ ಹೋದ. ಅಲ್ಲಿ ಅವರ ಹೆಸರಿರಲಿಲ್ಲ. ಇನ್ನೊಂದು ಕ್ಯಾಂಪಿಗೆ ಹೋದ, ಮತ್ತೊಂದಕ್ಕೆ ಹೋದ. ಲಂಕೆಗೆ ವಾಪಸು ಹಡಗಿನಲ್ಲಿ ಕಳಿಸುತ್ತಿದ್ದಾರೆಂದು ಕೇಳಿ ಬಂದರಿನ ತನಕ ಹೋಗಿ ಪಟ್ಟಿ ಓದಿಸಿದ. ತುಮಕೂರಿನಲ್ಲಿ ಕೇಳಿದರೆ ಬೆಂಗಳೂರಿಗೆ ಕಳಿಸಿದ್ದೇವೆ ಎಂದರು, ಬೆಂಗಳೂರಿನಲ್ಲಿ ನೀವು ಯಾರು, ನಿಮಗೇನು ಸಂಬಂಧ ಎಂದು ಕೇಳಿದರು. ಅದರ ಉತ್ತರವನ್ನು ನಾವೇ ತಿದ್ದಿ ಕೊಟ್ಟಿದ್ದೆವಲ್ಲ.

ಆಮೇಲೆ ಅವನು ನನ್ನೊಡನೆ ಮಾತು ಬಿಟ್ಟ. ನನ್ನ ಹೆಂಡತಿ ರಾಗಿ ಕಳಿಸಿದರೆ ಎಲ್ಲರಿಗಿಂತ ಮೊದಲು ಬೀಸಿ ಕಳಿಸುತ್ತಿದ್ದ. ಬೈದಿದ್ದರೆ ಅನ್ನಿಸಿಕೊಂಡು ಹಗುರಾಗುತ್ತಿದ್ದೆ, ಬೈಯಲಿಲ್ಲ. ಮೊದಲ ಸೋಮವಾರ ಮಾತ್ರ ಗಿರಣಿ ಮುಚ್ಚಿ ತುಮಕೂರಿಗೆ ಹೋಗಿ ಬರುತ್ತಿದ್ದನೆಂದು ನರಸಮ್ಮ ಹೇಳುತ್ತಿದ್ದಳು. ವರಾಂಡದ ಆ ಬೆಂಚಿನ ಮೇಲೆ ಕೂತು ಎದ್ದು ಬರುತ್ತಿದ್ದನಂತೆ.

ಹೀಗೆ ಎಂಟು ವರ್ಷ ಹೋಯಿತು. ತೊಂಬತ್ತೊಂಬತ್ತರ ಕಾರ್ತಿಕದಲ್ಲಿ ಒಂದು ದಿನ ಅವನು ಹೊಂಗೆ ಮರದ ಕೆಳಗೆ ಬಂದು ನಿಂತ. ತಲೆ ಪೂರಾ ನರೆತಿತ್ತು. ಕೈಯಲ್ಲಿ ಸರ್ಕಾರಿ ಲಕೋಟೆ. ಒಳಗಿನ ಕಾಗದದಲ್ಲಿ ಹೀಗಿತ್ತು: ನಿಮ್ಮ ಜವಾಬ್ದಾರಿಯಲ್ಲಿ ವಾಸವಿರುವ ತವಮಣಿ ಮತ್ತು ಮಗಳು ತೊಂಬತ್ತೊಂದರಿಂದ ಪರವಾನಗಿ ನವೀಕರಿಸಿಲ್ಲ, ಏಳು ದಿನದೊಳಗೆ ಅವರನ್ನು ಹಾಜರುಪಡಿಸುವುದು.

ನಾನು ಎರಡು ಸಲ ಓದಿದೆ. ಆ ಅಧಿಕಾರಿ ವರ್ಗವಾಗಿ ಹೋಗಿದ್ದರು. ನಾವು ತಿದ್ದಿಕೊಟ್ಟ ಕಾಗದ ಫೈಲು ಸೇರಿರಲೇ ಇಲ್ಲ. ವ್ಯಾನಿಗೆ ಹತ್ತಿಸಿದ್ದು ಎಲ್ಲೂ ದಾಖಲಾಗಿರಲಿಲ್ಲ. ಸರ್ಕಾರದ ಲೆಕ್ಕದಲ್ಲಿ ತಾಯಿ ಮಗಳು ಇನ್ನೂ ಕೊತ್ತಗೆರೆಯ ಗಿರಣಿಯಲ್ಲೇ ಇದ್ದರು. ಬೇರೆ ಎಲ್ಲೂ ಇರಲಿಲ್ಲ.

ಇಬ್ಬರೂ ತುಮಕೂರಿಗೆ ಹೋದೆವು. ಹೊಸ ಗುಮಾಸ್ತ ಪಾಪದವನು, ನಮ್ಮ ವಯಸ್ಸು ನೋಡಿ ಕನಿಕರಪಟ್ಟ. ಎಲ್ಲೋ ಹೋಗಿರಬೇಕು, ನಮಗೂ ಅವರಿಗೂ ಸಂಬಂಧವಿಲ್ಲ ಅಂತ ಒಂದು ಸಾಲು ಬರೆದುಕೊಡಿ ತಾತ, ಫೈಲ್ ಮುಚ್ಚಿಬಿಡ್ತೀನಿ, ನಿಮಗೆ ತೊಂದರೆ ಇರಲ್ಲ ಎಂದ.

ಅಡವಿಯಪ್ಪ ಬೇಡವೆಂದ. ಕಾಣೆಯಾಗಿದ್ದಾರೆ ಎಂದು ದೂರು ಕೊಡುವ ಫಾರಂ ಕೇಳಿ ತೆಗೆದುಕೊಂಡು ಬಂದು ಅದೇ ಬೆಂಚಿನ ಮೇಲೆ ನನ್ನ ಮುಂದಿಟ್ಟ. ಅದರಲ್ಲೂ ಸಂಬಂಧದ ಕಾಲಂ ಇತ್ತು. ನಾನು ಕೇಳುವ ಮೊದಲೇ ಅವನು ಹೇಳಿದ, ಮೊದಲು ಬರೆದದ್ದನ್ನೇ ಬರೆಯಿರಿ ಎಂದು. ಬರೆದೆ. ಈ ಸಲ ಅಕ್ಷರ ಸೊಟ್ಟಗಾಯಿತು. ಕೆಳಗೆ ನನ್ನ ಹೆಸರನ್ನೂ ಹಾಕಿದೆ. ಅವನು ನೋಡುತ್ತ ನಿಂತಿದ್ದ.

"ಪಕ್ಕದಾಗೆ ಇಂಗ್ಲೀಷಲ್ಲೂ ಬರೀರಿ ರೈಟ್ರೇ. ವಾಂಟೆಡ್ ಅಂತ್ಲೇ ಬರೀರಿ. ಈಗ ಅದು ಸರಿಯಾಗೈತೆ."

ಮೂವತ್ತೊಂದು ವರ್ಷದಲ್ಲಿ ನಾನು ಬರೆದ ಒಂದೇ ಇಂಗ್ಲಿಷ್ ಪದ ಅದು. ನನಗೆ ಬರುತ್ತಿರಲಿಲ್ಲ, ಕೆಂಪು ಶಾಯಿಯಲ್ಲಿ ಸುತ್ತಿದ್ದ ಆ ಪದ ಮಾತ್ರ ಕಣ್ಣಲ್ಲಿ ಉಳಿದಿತ್ತು. ಆ ಹುಡುಗಿ ಓದುತ್ತಿದ್ದ ಹಾಗೆ, ಒಂದೊಂದೇ ಅಕ್ಷರ ಕೂಡಿಸಿ ಬರೆದೆ.